ಪಿಕಪ್‌ನ ಮುಂದಿನ ಶಾಫ್ಟ್‌ಗೆ ಗ್ರೀಸ್: ಕೆಲಸ ಎಲ್ಲಿಗೆ ಬಂತು

ಶನಿವಾರ

ಮಳೆ ಬಿಟ್ಟಿದೆ. ಕಾಫಿ ಕೊಯ್ಲು ಶುರುವಾದರೆ ಗಾಡಿಗೂ ನನಗೂ ಬಿಡುವಿರಲ್ಲ. ಸಕಲೇಶಪುರದ ತೋಟದಲ್ಲಿರುವ ನಮ್ಮ ಹಳೆಯ ಫೋರ್ ಬೈ ಫೋರ್ ಪಿಕಪ್‌ನ ಶಾಫ್ಟ್ ಕೆಲಸ ಅದಕ್ಕೇ ಈಗ ಹಿಡಿದೆ.

ಸರ್ವಿಸ್‌ಗೆ ಬಿಟ್ಟಾಗೆಲ್ಲ ಬಿಲ್‌ನಲ್ಲಿ ಗ್ರೀಸಿಂಗ್ ಅಂತ ಒಂದು ಸಾಲು ಇದ್ದೇ ಇರುತ್ತದೆ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಕಥೆ ಬೇರೆ. ಹಿಂದಿನ ಆಕ್ಸಲ್‌ಗೆ ಎಂಜಿನ್ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳ (ಶಾಫ್ಟ್ ತುದಿ ಬಾಗಿ ತಿರುಗಲು ಬಿಡುವ ಕೂಡಿಕೆಯ ಅಡ್ಡ ತುಂಡು) ಸುತ್ತ ಗ್ರೀಸ್ ಮೆತ್ತಿಕೊಂಡಿದೆ, ಸರಿ. ಮುಂದಿನ ಶಾಫ್ಟ್‌ನಲ್ಲಿ, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಕಡೆಯ ಕ್ರಾಸ್‌ನ ನಿಪ್ಪಲ್ (ಗ್ರೀಸ್ ತುಂಬುವ ಬಾಯಿ) ಕಾಣುತ್ತಲೇ ಇರಲಿಲ್ಲ. ಮಣ್ಣು ಕಲ್ಲಾಗಿ ಕೂತಿತ್ತು. ಅಲ್ಲಿಗೆ ಯಾರ ಗ್ರೀಸ್ ಗನ್ನೂ ಹೋಗಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಕ್ರಾಸ್‌ನ ನಾಲ್ಕು ತುದಿಗೂ ಒಂದೊಂದು ಬೇರಿಂಗ್ ಕಪ್ ಇರುತ್ತದೆ. ಕಪ್‌ನ ಸೀಲ್ ಅಂಚಿನಲ್ಲಿ ಕುಂಕುಮದಂಥ ನುಣ್ಣನೆ ಪುಡಿ ಇತ್ತು. ನಮ್ಮ ಕಡೆ ಮಣ್ಣೂ ಕೆಂಪೇ, ಹಾಗಾಗಿ ಮೊದಲು ನಂಬಲಿಲ್ಲ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮುಂದಿನ ಶಾಫ್ಟೂ ತಿರುಗಲಿ ಅಂತ ಚಕ್ರದ ಹಬ್ ಲಾಕ್ ಮಾಡಿ, ತೋಟದ ಏರು ಹತ್ತಿಸಿ ಇಳಿಸಿ ಮತ್ತೆ ನೋಡಿದೆ. ಪುಡಿ ಮತ್ತೆ ಸೀಲಿನ ಬಾಯಲ್ಲೇ ಇತ್ತು. ಮಣ್ಣಾಗಿದ್ದರೆ ಎಲ್ಲ ಕಡೆ ಇರಬೇಕಿತ್ತು. ಇದು ಒಳಗಿನ ಸೂಜಿ ರೋಲರ್‌ಗಳು ಒಣಗಿ, ತುಕ್ಕು ಹಿಡಿದು ಉದುರಿಸುತ್ತಿರುವ ಪುಡಿ.

ಮುಂದಿನ ಶಾಫ್ಟೇ ಯಾಕೆ ಒಣಗುತ್ತದೆ? ನಮ್ಮದು ಮುಂದಿನ ಚಕ್ರವನ್ನು ಆಕ್ಸಲ್‌ಗೆ ಬೇಕಾದಾಗ ಜೋಡಿಸಿ ಬೇಡದಾಗ ಬಿಡಿಸುವ ಫ್ರೀ ವೀಲಿಂಗ್ ಹಬ್ ಇರುವ ಗಾಡಿ. ಹಬ್ ಫ್ರೀ ಇದ್ದಾಗ ಆ ಶಾಫ್ಟ್ ತಿರುಗುವುದೇ ಇಲ್ಲ. ಸೀಲ್ ದಾಟಿ ನೀರು ಒಳಗೆ ಹೋದರೆ ಅಲ್ಲೇ ನಿಲ್ಲುತ್ತದೆ, ಗ್ರೀಸ್ ಓಡಾಡುವುದಿಲ್ಲ. ಕೆಲಸ ಕಡಿಮೆ ಇರುವ ಶಾಫ್ಟ್ ಅಂತ ಬಿಟ್ಟರೆ ಅದೇ ಮೊದಲು ಕೈಕೊಡುತ್ತದೆ.

ಭಾನುವಾರ

ನಿಪ್ಪಲ್ ಇರೋದು ಕ್ರಾಸ್‌ನ ನಡುವೆ, ಅದನ್ನು ಹಿಡಿದಿರುವ ಎರಡು ಯೋಕ್‌ಗಳ (ಕವೆಯಂಥ ತುದಿ) ಸಂದಿಯಲ್ಲಿ. ಮೇಲೆ ಗಾಡಿಯ ನೆಲ, ಪಕ್ಕದಲ್ಲಿ ಸೈಲೆನ್ಸರ್ ಪೈಪ್. ಸಾದಾ ಗನ್‌ನ ಉಕ್ಕಿನ ನಳಿಗೆ ಯೋಕ್‌ಗೆ ತಗಲುತ್ತದೆ. ರಬ್ಬರ್ ಹೋಸ್ ಹಾಕಿದರೆ ತಲುಪುತ್ತದೆ, ಆದರೆ ಮೂತಿ ನೇರವಾಗಿ ಕೂರದಿದ್ದರೆ ಗ್ರೀಸೆಲ್ಲ ಪಕ್ಕದಿಂದ ಆಚೆ. ಅಂಗೈ ತುಂಬ ಗ್ರೀಸ್, ಕ್ರಾಸ್‌ಗೆ ಸೊನ್ನೆ.

ಇಲ್ಲಿ ಬಲಕ್ಕಿಂತ ಕೋನ ಮುಖ್ಯ. ಹಬ್ ಫ್ರೀ ಮಾಡಿ, ಟ್ರಾನ್ಸ್‌ಫರ್ ಲಿವರ್ ಟೂ ವೀಲ್‌ನಲ್ಲಿಟ್ಟರೆ (ಬಲ ಹಿಂದಿನ ಚಕ್ರಗಳಿಗೆ ಮಾತ್ರ) ಮುಂದಿನ ಶಾಫ್ಟ್ ಕೈಯಲ್ಲೇ ತಿರುಗುತ್ತದೆ. ನಿಪ್ಪಲ್ ಕೆಳಗೆ ಬರುವವರೆಗೆ ತಿರುಗಿಸಿದೆ. ಅರ್ಧ ಕಷ್ಟ ಅಲ್ಲೇ ಮುಗಿಯಿತು. ಹಿಂದಿನ ಶಾಫ್ಟ್‌ಗೆ ಈ ಅನುಕೂಲ ಇಲ್ಲ, ಗಾಡಿಯನ್ನೇ ತಳ್ಳಬೇಕು. ಹೌಸಿಂಗ್‌ನ, ಅಂದರೆ ಹಿಂದಿನ ಆಕ್ಸಲ್ ನಡುವಿನ ಗೇರ್‌ಗಳ, ರೇಶಿಯೊ ನಾಲ್ಕರ ಆಸುಪಾಸು ಇರುವುದರಿಂದ ಚಕ್ರ ಕಾಲು ಸುತ್ತು ತಿರುಗಿದರೆ ಶಾಫ್ಟ್ ಸುಮಾರು ಒಂದು ಸುತ್ತು. ಅಂಗುಲ ಅಂಗುಲ ತಳ್ಳಿದರೆ ಸಾಕು.

"ತಳ್ಳಲಾ ಚಿಕ್ಕಪ್ಪಾ?" ಅಂದ ಅಣ್ಣನ ಮಗ.

"ತಡಿಯೋ ಮಾರಾಯ, ನಾನು ಆಚೆ ಬರ್ತೀನಿ."

ಇದರಲ್ಲಿ ಮಾತ್ರ ಸಲಿಗೆ ಬೇಡ. ಕೆಳಗೆ ಜನ ಇರುವಾಗ ತಳ್ಳುವ ಹಾಗಿಲ್ಲ, ಚಕ್ರಕ್ಕೆ ಎರಡೂ ಕಡೆ ಕಟ್ಟೆ ಕೊಡದೆ ಒಳಗೆ ಹೋಗುವ ಹಾಗಿಲ್ಲ. ಹಿಂದಿನ ಒಂದು ಚಕ್ರವನ್ನು ಜಾಕ್‌ನಲ್ಲಿ ಎತ್ತಿ ಶಾಫ್ಟ್ ತಿರುಗಿಸುವವರೂ ಇದ್ದಾರೆ. ಆಗ ಗೇರ್ ಹಾಕಿದ್ದರೂ ಗಾಡಿ ನಿಲ್ಲುತ್ತದೆ ಅಂತ ನಂಬಬೇಡಿ. ಎತ್ತಿದ ಚಕ್ರ ಹಿಮ್ಮುಖ ತಿರುಗುತ್ತದೆ, ನೆಲದ ಮೇಲಿನದು ಉರುಳುತ್ತದೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇರೋದೇ ಹಾಗೆ.

ಗ್ರೀಸ್ ಲಿಥಿಯಂ ಇಪಿ-2 (ಹೆಚ್ಚು ಒತ್ತಡ ತಡೆಯುವ ಬಗೆ). ನೀಲಿ ಬಣ್ಣದ್ದು ತಂದೆ, ಹಳೆಯದು ಹೊರಬಂದು ಹೊಸದು ಶುರುವಾದದ್ದು ಕಣ್ಣಿಗೆ ಕಾಣಲಿ ಅಂತ. ನೇರ ಮೂತಿಗೆ ಜಾಗ ಸಾಲಲಿಲ್ಲ. 90 ಡಿಗ್ರಿ ಅಡಾಪ್ಟರ್ ದಪ್ಪ ಜಾಸ್ತಿ, ಯೋಕ್ ಸಂದಿಗೆ ಹೋಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಸೂಜಿ ಮೂತಿ. ಇದು ಕಚ್ಚಿಕೊಳ್ಳುವುದಿಲ್ಲ, ನಿಪ್ಪಲ್‌ನ ಗುಂಡಿನ ಮೇಲೆ ಒತ್ತಿ ಹಿಡಿದುಕೊಳ್ಳಬೇಕು. ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಪಂಪ್ ಮಾಡಬೇಕು. ಒಂಟಿಯಾಗಿ ಮಾಡುವವರಿಗೆ ನನ್ನ ನಮಸ್ಕಾರ. ಮೊದಲು ನಿಪ್ಪಲ್ ಬಾಯನ್ನು ಡೀಸೆಲ್ ಬ್ರಷ್‌ನಲ್ಲಿ ಉಜ್ಜಿ ಒರೆಸದಿದ್ದರೆ ಮಣ್ಣನ್ನೇ ಬೇರಿಂಗ್‌ಗೆ ತುಂಬಿದ ಹಾಗಾಗುತ್ತದೆ.

ನಾಲ್ಕು ಕಪ್‌ಗಳಿಂದಲೂ ಗ್ರೀಸ್ ಹೊರಬರಬೇಕು. ಮೊದಲು ತುಕ್ಕು ನೀರು, ಆಮೇಲೆ ಕಂದು ಕೆಸರು, ಆಮೇಲೆ ನೀಲಿ. ಮೂರರಲ್ಲಿ ಬಂತು. ನಾಲ್ಕನೆಯದು ಜಪ್ಪಯ್ಯ ಅಂದರೂ ಇಲ್ಲ. ದಾರಿ ಸುಲಭ ಇರುವ ಕಡೆಗೇ ಗ್ರೀಸ್ ಹರಿಯುತ್ತದೆ, ಹಾಗಾಗಿ ಸುಮ್ನೆ ಇನ್ನಷ್ಟು ಪಂಪ್ ಮಾಡಿ ಪ್ರಯೋಜನವಿಲ್ಲ. ಹಾರೆಯ ತುದಿಯಿಂದ ಯೋಕ್ ಸಂದಿಯಲ್ಲಿ ಮೀಟಿ, ಕ್ರಾಸನ್ನು ಆ ಕಪ್‌ನಿಂದ ಕೂದಲೆಳೆಯಷ್ಟು ದೂರ ಸರಿಸಿ ಹಿಡಿದೆವು. ಹುಡುಗ ನಿಧಾನಕ್ಕೆ ಲಿವರ್ ಒತ್ತಿದ. ಟಪ್ ಅಂತ ಸಣ್ಣ ಸದ್ದು, ಸೀಲ್ ಅಂಚಿನಲ್ಲಿ ಕಪ್ಪು ಎಳೆ, ಅದರ ಹಿಂದೆಯೇ ನೀಲಿ.

ಶಾಫ್ಟ್ ಉದ್ದ ಹೆಚ್ಚು ಕಡಿಮೆ ಆಗಲು ಒಂದರೊಳಗೊಂದು ಜಾರುವ ಸ್ಲಿಪ್ ಜಾಯಿಂಟ್‌ಗೆ ಲೆಕ್ಕ ಬೇರೆ. ಅಲ್ಲಿ ಧಾರಾಳ ಒಳ್ಳೆಯದಲ್ಲ. ತುದಿಯ ಸಣ್ಣ ತೂತಿನಲ್ಲಿ ಗ್ರೀಸ್ ಇಣುಕಿದ ಕೂಡಲೇ ಅದನ್ನು ಬೆರಳಲ್ಲಿ ಮುಚ್ಚಿ, ಇನ್ನೊಂದು ಕಡೆಯ ಸೀಲ್‌ನಲ್ಲಿ ಕಾಣಿಸುವವರೆಗೆ ಮಾತ್ರ ಪಂಪ್ ಮಾಡಬೇಕು. ಜಾಸ್ತಿ ತುಂಬಿದರೆ ಗುಂಡಿಯಲ್ಲಿ ಆಕ್ಸಲ್ ಮೇಲೆದ್ದಾಗ ಶಾಫ್ಟ್ ಒಳಸರಿಯಲು ಜಾಗ ಇರುವುದಿಲ್ಲ. ಅದನ್ನು ಬಿಚ್ಚುವುದಾದರೆ ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿ. ಒಂದು ಹಲ್ಲು ಆಚೀಚೆ ಆದರೂ ಎರಡು ತುದಿಯ ಯೋಕ್‌ಗಳು ಸಾಲು ತಪ್ಪಿ ಗಾಡಿ ನಡುಗುತ್ತದೆ.

ಬುಧವಾರ

ಆಕ್ಸಲ್ ಕಡೆಯ ಕ್ರಾಸ್‌ನ ನಿಪ್ಪಲ್‌ನ ಗುಂಡು ಕಚ್ಚಿಕೊಂಡಿತ್ತು, ಗನ್ ಎಷ್ಟು ಒತ್ತಿದರೂ ತೆರೆಯಲಿಲ್ಲ. ಬಿಚ್ಚಿ, ಹಳೆಯದನ್ನೇ ಅಂಗಡಿಗೆ ಒಯ್ದು ಹೊಸದು ತಂದೆ. 6 ಎಂಎಂ ಮರೆಗೂ (ತಿರುಪಿನ ಸುತ್ತು) ಕಾಲಿಂಚು ಮರೆಗೂ ನೋಡೋಕೆ ವ್ಯತ್ಯಾಸ ಕಡಿಮೆ, ಹಾಗಾಗಿ ಸ್ಯಾಂಪಲ್ ಇಲ್ಲದೆ ಕೇಳಬೇಡಿ. 45 ಡಿಗ್ರಿ ಬಾಗಿದ ನಿಪ್ಪಲ್ ಹಾಕಿದ್ದೇನೆ, ಇನ್ನು ಸಾದಾ ಗನ್ ಸಾಕು. ಶಾಫ್ಟನ್ನು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ಯೋಕ್‌ಗೆ ತಾಗುತ್ತಿಲ್ಲ ಅಂತ ನೋಡಿಕೊಂಡೆ.

ಹಬ್ ಲಾಕ್ ಮಾಡಿ ಅದೇ ಏರು ಹತ್ತಿಸಿದೆ. ಮೊದಲು ಬರುತ್ತಿದ್ದ ಕಿಚಿ ಕಿಚಿ ಸದ್ದು ಹೋಗಿದೆ. ಆದರೆ ಟ್ರಾನ್ಸ್‌ಫರ್ ಕಡೆಯ ಕ್ರಾಸ್ ಹಿಡಿದು ಅಲ್ಲಾಡಿಸಿದರೆ ತುಸು ಪ್ಲೇ (ಸಡಿಲ) ಸಿಗುತ್ತದೆ. ಸವೆದ ರೋಲರನ್ನು ಗ್ರೀಸ್ ಸರಿಮಾಡುವುದಿಲ್ಲ. ಹಾಸನದಿಂದ ಹೊಸ ಕ್ರಾಸ್ ಕಿಟ್ ತರಿಸಿದ್ದೇನೆ, ಕಪ್ ಹಿಡಿದಿಡುವ ಸರ್ಕ್ಲಿಪ್ ಸಮೇತ. ಕೊಯ್ಲಿಗೆ ಮುಂಚೆ ಅದನ್ನು ಹಾಕಬೇಕು.