ಕಾರ್ ಕೀ ಶೆಲ್, ನಾಲ್ಕನೇ ಕಂತು: ಎಂಟು ಮಿಲಿಮೀಟರ್ ಕಾಟ

ಸ್ಟಾರ್ಟ್ ಆಯ್ತು ಕಣ್ರೀ. ಹತ್ತಕ್ಕೆ ಹತ್ತು ಸಲ! ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಮೈಸೂರಿನ ಕುವೆಂಪುನಗರದಲ್ಲಿ ಯಾರೋ ಕಾರನ್ನು ಸ್ಟಾರ್ಟ್ ಮಾಡೋದು, ಆಫ್ ಮಾಡೋದು, ಮತ್ತೆ ಸ್ಟಾರ್ಟ್ ಮಾಡೋದು ನಿಮ್ಮ ಕಿವಿಗೆ ಬಿದ್ದಿದ್ದರೆ ಅದು ನಾನೇ. ಎದುರು ಮನೆ ಅಂಕಲ್ ಟಾರ್ಚ್ ಹಿಡಿದು ಗೇಟಿಗೇ ಬಂದಿದ್ದರು. ಕೀ ತೋರಿಸಿದೆ. ಏನೂ ಮಾತಾಡದೆ ಒಳಗೆ ಹೋದರು.

ಹಳೇ ಕಥೆ ಎರಡೇ ಮಾತಲ್ಲಿ: ಕಾರು 2012ರದ್ದು. ಕೀಯಲ್ಲಿ ರಿಂಗ್ ಹಾಕುವ ಕಿವಿ ಮುರಿದು, ಆಮೇಲೆ ಶೆಲ್ಲೇ, ಅಂದರೆ ಕೀಯ ಪ್ಲಾಸ್ಟಿಕ್ ಕವಚವೇ, ಎರಡು ಹೋಳಾಯಿತು. ಮೂರು ಸಲ ಅಂಟಿಸಿದೆ, ಮೂರು ಸಲವೂ ಬಿಟ್ಟುಕೊಂಡಿತು. ಕಾರಣ ಹುಡುಕಬೇಕಾಗಿಯೇ ಇರಲಿಲ್ಲ. ಮನೆ ಬೀಗ, ಗೇಟ್ ಬೀಗ, ಮಂಡ್ಯದ ಮನೆ ಗೋಡೌನಿನ ದಪ್ಪ ಕೀ, ಹಿತ್ತಾಳೆ ಚಾಮುಂಡೇಶ್ವರಿ, ಎಲ್ಲ ಒಂದೇ ಗೊಂಚಲು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ 218 ಗ್ರಾಂ! ಸರ್ವೀಸ್ ಸೆಂಟರಿನಲ್ಲಿ ಹೊಸ ಕೀ, ಪ್ರೋಗ್ರಾಮಿಂಗ್ ಎಲ್ಲ ಸೇರಿ ಆರೂವರೆ ಸಾವಿರ ಅಂದರು. ಒಳಗಿನ ಬೋರ್ಡ್ ಸರಿಯಾಗಿದೆ, ಚಿಪ್ ಸರಿಯಾಗಿದೆ, ಹೋಗಿರೋದು ಬರೀ ಪ್ಲಾಸ್ಟಿಕ್. ಅದಕ್ಕೆ ಆರೂವರೆ ಸಾವಿರ ಯಾಕೆ ಅಲ್ವಾ? 240 ರೂಪಾಯಿಗೆ ಮಡಚುವ ಥರದ ಫ್ಲಿಪ್ ಶೆಲ್ ಆರ್ಡರ್ ಮಾಡಿದೆ.

ಮಾರಿದವನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಸಲ ಮೂರು ಬಟನ್ನಿನದು ಕಳಿಸಿದ, ನಮ್ಮದು ಎರಡು. ವಾಪಸ್ ಕಳಿಸಿದ ಮೇಲೆ ಬಂದದ್ದರಲ್ಲಿ ಬ್ಲೇಡನ್ನು, ಅಂದರೆ ಬೀಗದೊಳಗೆ ಹೋಗುವ ಲೋಹದ ಭಾಗವನ್ನು, ಹಿಡಿದಿಡುವ ಪಿನ್ನೇ ಇಲ್ಲ. ಫೋಟೋದಲ್ಲಿ ಪಿನ್ ಇದೆ, ಬಾಕ್ಸಿನಲ್ಲಿ ಇಲ್ಲ. ಕೇಳಿದರೆ 'ಫೋಟೋ ತೋರಿಸಲಿಕ್ಕೆ ಮಾತ್ರ ಸಾರ್' ಅಂದ. ಕೊನೆಗೆ ಸಂತೆಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿ 1.6 ಎಂಎಂ ರೋಲ್ ಪಿನ್ ತಂದೆ. ಒಂದು ಕೇಳಿದರೆ ಹತ್ತು ಕೊಟ್ಟು ಇಪ್ಪತ್ತು ರೂಪಾಯಿ ಇಸ್ಕೊಂಡರು. ಪಾಪ, ಅವರದ್ದು ತಪ್ಪಿಲ್ಲ. ಹಳೇ ಪಿನ್ ಹೊರಗೆ ತಳ್ಳಲು ಮುರಿದ 1.5ರ ಡ್ರಿಲ್ ಬಿಟ್ಟಿನ ಹಿಂಭಾಗ ಚೆನ್ನಾಗಿ ಆಗುತ್ತದೆ, ಪಂಚ್ ಅಂತ ಬೇರೆ ದುಡ್ಡು ಹಾಕಬೇಡಿ. ಬ್ಲೇಡ್ ಬದಲಿಸೋದು, ಸ್ಪ್ರಿಂಗಿಗೆ ಮೊದಲೇ ಒಂದು ಸುತ್ತು ಕೊಟ್ಟು ಕೂರಿಸೋದು, ಆ ಸ್ಪ್ರಿಂಗ್ ಸೋಫಾ ಕೆಳಗೆ ಹಾರಿಹೋಗೋದು, ಇವೆಲ್ಲ ನಿಮಗೆ ಗೊತ್ತಿರೋದೇ. ಮುಂದಕ್ಕೆ ಹೋಗೋಣ.

ಶೆಲ್ ಮುಚ್ಚಿದೆ. ಬಟನ್ ಒತ್ತಿದರೆ ಬಾಗಿಲು ತೆಗೆಯುತ್ತದೆ, ಹಾಕಿಕೊಳ್ಳುತ್ತದೆ. ಖುಷಿಯಾಗಿ ಕೂತು ಕೀ ತಿರುಗಿಸಿದೆ. ಎಂಜಿನ್ ಎರಡು ಸೆಕೆಂಡ್ ಹಿಡಿದು ಸತ್ತಿತು. ಡ್ಯಾಶ್‌ಬೋರ್ಡಿನಲ್ಲಿ ಇಮೊಬಿಲೈಸರ್ (ಕೀಯ ಚಿಪ್ ಗುರುತು ಸಿಗದಿದ್ದರೆ ಎಂಜಿನ್ ಓಡಲು ಬಿಡದ ಕಾವಲು) ದೀಪ ಮಿಣಮಿಣ. ಇನ್ನೊಂದು ಸಲ ತಿರುಗಿಸಿದೆ, ಸ್ಟಾರ್ಟ್! ಮತ್ತೊಂದು ಸಲ, ಇಲ್ಲ. ಲೆಕ್ಕ ಬರೆದಿಟ್ಟೆ: ಹತ್ತು ಸಲಕ್ಕೆ ಮೂರು. ಪೂರ್ತಿ ಕೆಟ್ಟಿದ್ದರೆ ಕೆಟ್ಟಿದೆ ಅಂತ ಸುಮ್ಮನಾಗಬಹುದು. ಹೀಗೆ ಒಮ್ಮೆ ಬಂದು ಒಮ್ಮೆ ಕೈಕೊಡುವುದಿದೆಯಲ್ಲ, ಅದು ತಲೆ ತಿನ್ನುತ್ತದೆ.

'ಬ್ಯಾಟರಿ ಬದಲಿಸಿ ನೋಡು' ಅಂತ ಎಲ್ಲರೂ ಹೇಳಿದರು. ಗುರು, ಬ್ಯಾಟರಿ ಇರೋದು ಬಾಗಿಲಿಗೆ. ಎಂಜಿನ್‌ಗೆ ಬೇಕಾದ ಚಿಪ್ಪಿಗೆ ಬ್ಯಾಟರಿಯೇ ಇಲ್ಲ. ಇಗ್ನಿಷನ್ ಬೀಗದ ಸುತ್ತ ಒಂದು ಕಾಯಿಲ್ ಇರುತ್ತದೆ, ಅದು 125 ಕಿಲೋಹರ್ಟ್ಸ್‌ನಲ್ಲಿ ಚಿಪ್ಪಿಗೆ ಕರೆಂಟನ್ನೂ ಕೊಟ್ಟು ಅದರ ನಂಬರನ್ನೂ ಕೇಳುತ್ತದೆ. ಆದರೂ ಬಾಯಿ ಮುಚ್ಚಿಸಲು ಹೊಸ ಸಿಆರ್2032 ಬಟನ್ ಬ್ಯಾಟರಿ ಹಾಕಿದೆ. ಏನೂ ಬದಲಾಗಲಿಲ್ಲ. ಶಿವರಾಂಪೇಟೆಯಲ್ಲಿ ಡೂಪ್ಲಿಕೇಟ್ ಕೀ ಮಾಡುವ ಒಬ್ಬರಿಗೆ ತೋರಿಸಿದೆ. 'ಸಾರ್, ಚಿಪ್ ಹೋಗಿದೆ, ಹೊಸದು ಹಾಕ್ಬಿಡಿ, ಎರಡೂವರೆ ಆಗುತ್ತೆ' ಅಂದರು. ಎರಡೂವರೆ ಅಂದರೆ ಎರಡೂವರೆ ಸಾವಿರ.

ಮನೆಗೆ ಬಂದು ಚಿಪ್ ಹೊರಗೆ ತೆಗೆದೆ. ಹುಣಸೆ ಬೀಜಕ್ಕಿಂತ ಚಿಕ್ಕದು, ಇದ್ದಿಲ ಚೂರಿನ ಹಾಗೆ ಕಪ್ಪಗಿದೆ. ಅದನ್ನು ಮುರಿದ ಹಳೇ ಶೆಲ್ಲಿನ ಜಾಗದಲ್ಲೇ ಕೂರಿಸಿ, ಬ್ಲೇಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ತಿರುಗಿಸಿದೆ. ಹತ್ತಕ್ಕೆ ಹತ್ತು! ಚಿಪ್ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಹಾಗಾದರೆ ಹೊಸ ಶೆಲ್ಲಿನದೇ ತಪ್ಪು.

ವರ್ನಿಯರ್ ಅಳತೆಪಟ್ಟಿ ಹಿಡಿದು ಅಳೆದ ಮೇಲೆ ಗೊತ್ತಾಯಿತು. ಬ್ಲೇಡಿನ ಭುಜದಿಂದ (ಬ್ಲೇಡ್ ಶೆಲ್ಲಿಗೆ ಸೇರುವ ಬುಡ) ಚಿಪ್ಪಿಗೆ ಹಳೇ ಶೆಲ್ಲಿನಲ್ಲಿ 9 ಮಿಲಿಮೀಟರ್. ಹೊಸದರಲ್ಲಿ 17. ಮಡಚುವ ಯಂತ್ರಕ್ಕೆ ಮುಂದೆ ಜಾಗ ಬೇಕಲ್ಲ, ಅದಕ್ಕೆ ಚಿಪ್ಪನ್ನು ಹಿಂದಕ್ಕೆ ತಳ್ಳಿದ್ದಾರೆ. ಸಾಲದ್ದಕ್ಕೆ ಚಿಪ್ಪಿಗೂ ಕಾಯಿಲಿಗೂ ನಡುವೆ ಉಕ್ಕಿನ ಸ್ಪ್ರಿಂಗ್ ಬೇರೆ ಬಂದು ಕೂತಿದೆ. ಚಿಪ್ಪನ್ನು ಶೆಲ್ಲಿನ ಹೊರಗೆ ಟೇಪ್ ಹಾಕಿ ಅಂಟಿಸಿ, ಒಂದೊಂದೇ ಮಿಲಿಮೀಟರ್ ಮುಂದಕ್ಕೆ ಸರಿಸುತ್ತಾ ಪರೀಕ್ಷೆ ಮಾಡಿದೆ. 15ರಲ್ಲಿ ಹತ್ತಕ್ಕೆ ಆರು. 13ರಲ್ಲಿ ಒಂಬತ್ತು. 12ಕ್ಕೆ ಬಂದಾಗ ಒಂದೂ ತಪ್ಪಲಿಲ್ಲ. ಉದ್ದಕ್ಕೆ ಇಟ್ಟಿದ್ದನ್ನು ಅಡ್ಡಕ್ಕೆ ತಿರುಗಿಸಿದರೆ 12ರಲ್ಲೂ ಕೈಕೊಟ್ಟಿತು, ಹಾಗಾಗಿ ಹಳೇ ಶೆಲ್ಲಿನಲ್ಲಿ ಯಾವ ಕಡೆ ಮುಖ ಮಾಡಿತ್ತೋ ಅದೇ ಕಡೆ ಇಡಿ.

ಒಳಗೆ, ಸ್ಪ್ರಿಂಗಿನ ಪಕ್ಕದ ಗೋಡೆಯಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಇದೆ. ಕಟರ್ ಬ್ಲೇಡಿನಲ್ಲಿ ಅದನ್ನು ಕೆತ್ತಿ ಚಿಪ್ಪಿಗೆ ಜಾಗ ಮಾಡಿದೆ. ಇಲ್ಲಿಯವರೆಗೆ ಸರಿ. ಆಮೇಲೆ ಆತುರ. ಚಿಪ್ ಅಲ್ಲಾಡದಿರಲಿ ಅಂತ ಒಂದು ತೊಟ್ಟು ಸೂಪರ್ ಗ್ಲೂ ಬಿಟ್ಟೆ, ಅದು ನೇರ ಹರಿದು ಹೋಗಿ ಫ್ಲಿಪ್ ಬಟನ್ ಸಂದಿಗೆ ಇಳಿಯಿತು. ಬಟನ್ ಕಲ್ಲಾಯಿತು. ಬಿಡಿಸೋಣ ಅಂತ ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ತಂದು ಹತ್ತಿಯಲ್ಲಿ ಒರೆಸಿದೆ. ಅದರಲ್ಲಿರೋದು ಅಸಿಟೋನ್, ಶೆಲ್ ಎಬಿಎಸ್ ಪ್ಲಾಸ್ಟಿಕ್. ಎರಡೇ ನಿಮಿಷ, ಶೆಲ್ಲಿನ ಮೂಲೆ ಕಾಶಿ ಹಲ್ವಾ ಆಗಿ ಬೆರಳಿಗೆ ಅಂಟಿಕೊಂಡಿತು. 'ರೀ, ಕೀ ಕೆಡ್ಸಿದ್ದು ಸಾಲ್ದು ಅಂತ ನನ್ನ ಬಾಟ್ಲೀನೂ ಖಾಲಿ ಮಾಡಿದ್ರಾ?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮತ್ತೆ 240 ರೂಪಾಯಿ, ಮತ್ತೆ ಐದು ದಿನ. ಆ ಐದು ದಿನ ಕೈ ಸುಮ್ನೆ ಇರಲಿಲ್ಲ, ಶೆಡ್ಡಿನಲ್ಲಿ ರಾಗಿ ಚೀಲದ ಹಿಂದೆ ನಿಂತಿರುವ ಅಪ್ಪನ ಜಾವಾ ಬೈಕಿನ ಮೇಲಿನ ಟಾರ್ಪಲ್ ತೆಗೆದೆ. ಯಾದವಗಿರಿ ಫ್ಯಾಕ್ಟರಿಯಲ್ಲಿ ಹುಟ್ಟಿದ ಗಾಡಿ. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಫ್ಯಾಕ್ಟರಿ. ಅದರ ಕೀ ನೋಡಿ ನಗು ಬಂತು. ಒಂದು ಮೊಳೆ ಇದ್ದ ಹಾಗಿದೆ, ಅಷ್ಟೇ. ಚಿಪ್ಪಿಲ್ಲ, ಕಾಯಿಲಿಲ್ಲ. ಒಬ್ಬರ ಕೀ ಇನ್ನೊಬ್ಬರ ಗಾಡಿಗೆ ಆಗುತ್ತಿತ್ತು ಅಂತ ಅಪ್ಪ ಹೇಳುತ್ತಿದ್ದರು. ಆರು ವೋಲ್ಟಿನ ವೈರಿಂಗನ್ನು ಹನ್ನೆರಡಕ್ಕೆ ಏರಿಸಬೇಕು ಅಂತ ಆಸೆ ಇದೆ. ಯಾರಾದರೂ ಮಾಡಿದ್ದರೆ ಹೇಳಿ, ಅದಕ್ಕೆ ಬೇರೆ ಕಂತು ಬರೆಯುತ್ತೇನೆ.

ಎರಡನೇ ಶೆಲ್ಲಿನಲ್ಲಿ ಹರಿಯುವ ಅಂಟಿನ ಸಹವಾಸವೇ ಬೇಡ ಅಂದುಕೊಂಡೆ. ಅದೇ ಜಾಗ ಕೆತ್ತಿ, ಚಿಪ್ಪಿನ ಕೆಳಗೆ ಡಬಲ್ ಸೈಡ್ ಫೋಮ್ ಟೇಪ್ ಹಾಕಿ, ಮೇಲೆ ಕಡಲೆಕಾಳಷ್ಟು ಎಂ-ಸೀಲ್ (ಕಲಸಿ ಒತ್ತುವ ಹಿಟ್ಟಿನಂಥ ಎಪಾಕ್ಸಿ) ಒತ್ತಿದೆ. ಎಂ-ಸೀಲ್ ಹರಿಯುವುದಿಲ್ಲ, ಇಟ್ಟಲ್ಲೇ ಇರುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟೆ. ಅಳತೆ 11.5 ಬಂತು. ಆಮೇಲಿನದು ಎದುರು ಮನೆ ಅಂಕಲ್‌ಗೆ ಗೊತ್ತು.

ಒಟ್ಟು ಖರ್ಚು 560. ಎರಡು ಶೆಲ್, ಪಿನ್ನು, ಬೇಡದ ಬ್ಯಾಟರಿ ಎಲ್ಲ ಸೇರಿ. ನೇಲ್ ಪಾಲಿಶ್ ರಿಮೂವರ್ ಲೆಕ್ಕಕ್ಕೆ ಹಿಡಿದಿಲ್ಲ. ಗೊಂಚಲನ್ನೂ ಬೇರೆ ಮಾಡಿದ್ದೇನೆ. ಈಗ ಕಾರ್ ಕೀ ಒಂದೇ, ರಿಂಗ್ ಸೇರಿ 41 ಗ್ರಾಂ. ಗೋಡೌನ್ ಕೀ ಮಾತ್ರ ಎಲ್ಲಿಟ್ಟೆ ಅಂತ ಬೆಳಗ್ಗೆಯಿಂದ ಹುಡುಕುತ್ತಿದ್ದೇನೆ, ಮಂಡ್ಯದಿಂದ ಚಿಕ್ಕಪ್ಪ ಆಗಲೇ ಎರಡು ಸಲ ಫೋನ್ ಮಾಡಿದರು.