ಆಡು ಮುಟ್ಟದ ಬೇಲಿ

ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ಆಡುಸೋಗೆ ಎಂಬ ಮದ್ದಿನ ಪೊದೆಯ ಮುಂದೆ ನಡೆಯುವುದಿಲ್ಲ. ಮೇ ತಿಂಗಳ ಕೊನೆಯ ಭಾನುವಾರ, ಮೂಡಿಗೆರೆ ಕಡೆಯ ಒಂದು ಹಿತ್ತಿಲಲ್ಲಿ ಐವತ್ತು ಅಡಿ ಉದ್ದದ ಆಡುಸೋಗೆ ಬೇಲಿ ಸವರುವ ಕೆಲಸ. ಪಕ್ಕದ ಮನೆಯ ಎರಡು ಆಡು ಬೇಲಿ ಬುಡದ ಹುಲ್ಲನ್ನೆಲ್ಲ ಮೇಯ್ದವು. ಸೊಪ್ಪಿಗೆ ಮೂತಿ ತಂದು, ಮೂಸಿ, ಮುಂದೆ ಹೋದವು. ಕಹಿ ಅಷ್ಟಿದೆ. ದನವೂ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಆನೆ, ಹಂದಿಗೆ ಮಾತ್ರ ಈ ಬೇಲಿ ಲೆಕ್ಕಕ್ಕಿಲ್ಲ.

ಸವರಲು ಮೇ ತಿಂಗಳೇ ಯಾಕೆಂದರೆ ಹೂವಿನ ಕಾಲ ಮುಗಿದಿರುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ತೆನೆಯಂಥ ಗೊಂಚಲಲ್ಲಿ ಬಿಳಿ ಹೂ ಬರುತ್ತದೆ, ಕೆಳದುಟಿಯ ಮೇಲೆ ನೇರಳೆ ಗೆರೆ. ಆಗ ಕತ್ತಿ ಹಾಕಿದರೆ ಜೇನಿನ ಬಾಯಿಂದ ಕಿತ್ತುಕೊಂಡ ಹಾಗೆ. ಕಾಫಿ ಹೂ ನಿಲ್ಲುವುದು ಕೆಲವೇ ದಿನ. ಕಾಫಿಯಲ್ಲಿ ಅರೇಬಿಕಾ ಜಾತಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೊಬಸ್ಟಾ ಜಾತಿಗೆ ಬೇರೆ ಗಿಡದ ಪರಾಗ ಬೇಕು, ಅದನ್ನು ಜೇನೂ ತರುತ್ತದೆ. ಕಾಫಿ ಅರಳಿಸುವ ಹೂಮಳೆ ಬೀಳುವವರೆಗೆ ಜೇನನ್ನು ತೋಟದ ಹತ್ತಿರ ಹಿಡಿದಿಡಲು ಬೇಲಿಯ ಹೂ ಒಂದು ಆಸರೆ.

ಕಡಿದ ರೆಂಬೆಗಳಿಂದ ಮೊದಲು ಮದ್ದಿನ ಎಲೆ ಆರಿಸಬೇಕು: ಬಲಿತ, ಕಲೆಯಿಲ್ಲದ, ಹಳದಿಗೆ ತಿರುಗದ ಎಲೆ. ಹಸಿ ಎಲೆ ಅರೆದು ಹಿಂಡಿದರೆ ರಸ ಹನಿಯಷ್ಟೇ ಬರುತ್ತದೆ. ಅದಕ್ಕೇ ಪುಟಪಾಕ. ಎಂಟು ಹತ್ತು ಎಲೆ ತೊಳೆದು, ನಡುನರ ತೆಗೆದು, ಬಾಳೆ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿ, ಕೆಂಡದ ಬೂದಿಯಲ್ಲಿ ಹತ್ತು ನಿಮಿಷ ಹೂಳಿಡುವುದು. ಒಲೆ ಇಲ್ಲದ ಮನೆಯಲ್ಲಿ ಇಡ್ಲಿ ಪಾತ್ರೆಯ ಹಬೆಯೂ ನಡೆಯುತ್ತದೆ. ಎಲೆ ಬಾಡಿ ಮೆತ್ತಗಾದ ಮೇಲೆ ಜಜ್ಜಿ ಬಟ್ಟೆಯಲ್ಲಿ ಹಿಂಡಬೇಕು. ದೊಡ್ಡವರಿಗೆ ಎರಡು ಟೀ ಚಮಚ ರಸ, ಒಂದು ಚಮಚ ಜೇನುತುಪ್ಪ, ದಿನಕ್ಕೆರಡು ಸಲ. ಕಟ್ಟಿದ ಕಫ ಸಡಿಲವಾಗುತ್ತದೆ. ಇದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ವವನ್ನು ಮಾದರಿಯಾಗಿಟ್ಟುಕೊಂಡೇ ಕೆಮ್ಮಿನ ಸಿರಪ್ಪಿನಲ್ಲಿರುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿ ರೂಪಿಸಿದ್ದು.

ಜಾಸ್ತಿ ಕುಡಿದರೆ ವಾಂತಿ, ಭೇದಿ. ಗರ್ಭಿಣಿಯರು ಮುಟ್ಟಲೇಬಾರದು, ಗರ್ಭಕೋಶವನ್ನು ಸಂಕೋಚಿಸುವ ಗುಣ ಇದಕ್ಕಿದೆ. ಸಣ್ಣ ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಷಾಯ ಕುಡಿಯುತ್ತ ಕೂರದೆ ಕಫ ಪರೀಕ್ಷೆ ಮಾಡಿಸಬೇಕು. ಹೆಸರಿನ ಗೊಂದಲವೂ ಇದೆ: ಆಡುಮುಟ್ಟದ ಬಳ್ಳಿ ಅನ್ನುವುದು ಬೇರೆಯೇ ಗಿಡ, ವಾಂತಿ ತರಿಸುವಂಥದ್ದು. ಆಡುಸೋಗೆ ಪೊದೆ, ಅದು ಹಬ್ಬುವ ಬಳ್ಳಿ. ಇಷ್ಟು ನೋಡಿದರೆ ತಪ್ಪುವುದಿಲ್ಲ.

ಉಳಿದ ಸೊಪ್ಪು ಅಡಿಕೆ ಬುಡಕ್ಕೆ. ಕಾಂಡದಿಂದ ಒಂದು ಅಡಿ ಬಿಟ್ಟು, ತೆಳ್ಳಗೆ ಹರಡಿ ಮೇಲೆ ಒಣ ಎಲೆಯ ದರಗು ಮುಚ್ಚಬೇಕು. ದಪ್ಪ ರಾಶಿ ಹಾಕಿದರೆ ಜೂನ್ ಮಳೆಗೆ ಗಾಳಿಯಾಡದೆ ಲೋಳೆಗಟ್ಟಿ ನಾರುತ್ತದೆ.

ಸಂಜೆಗೆ ಉಳಿಯುವುದು ಕಡ್ಡಿ. ಪೆನ್ಸಿಲ್ಲಿಗಿಂತ ತುಸು ದಪ್ಪದ, ಕಂದು ತಿರುಗಿದ ಕಡ್ಡಿಯನ್ನು ಗೇಣುದ್ದಕ್ಕೆ, ಮೂರು ನಾಲ್ಕು ಗೆಣ್ಣು ಬರುವಂತೆ ಕತ್ತರಿಸಿ. ಹಸಿರು ತುದಿ ಕೊಳೆಯುತ್ತದೆ. ಬುಡದ ಕಡೆ ಓರೆಯಾಗಿ, ತುದಿ ನೇರವಾಗಿ ಕಡಿದರೆ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಕೆಲಸದ ಭರದಲ್ಲಿ ಅದು ಆಗುವುದೇ ಹೆಚ್ಚು. ಎಲೆ ಪೂರ್ತಿ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಮಣ್ಣು, ಮರಳು, ಹಳೇ ಗೊಬ್ಬರ ಸಮ ಬೆರೆಸಿದ ಚೀಲಕ್ಕೆ ಊರಿ, ಮಾಡಿನ ಹನಿ ಬೀಳದ ನೆರಳಲ್ಲಿಡಬೇಕು. ನೇರ ಬೇಲಿಗೆ ಊರಿದ್ದು ಜಡಿಮಳೆಗೆ ನೀರು ನಿಂತು ಕಪ್ಪಾಗುತ್ತದೆ. ಎರಡು ವಾರದಲ್ಲಿ ಚಿಗುರು ಕಂಡರೂ ಬೇರು ಬಂತೆಂದು ಎಳೆದು ನೋಡಬೇಡಿ, ಕಡ್ಡಿಯಲ್ಲಿದ್ದ ಸತ್ವದಿಂದಲೇ ಅದು ಚಿಗುರುತ್ತದೆ. ಚೀಲದ ತೂತಿನಲ್ಲಿ ಬಿಳಿ ಬೇರು ಇಣುಕಿದ ಮೇಲೆ, ಆಗಸ್ಟಿನಲ್ಲಿ ಮಳೆ ಹೊಳವಾದಾಗ, ಒಂದೂವರೆ ಅಡಿಗೊಂದರಂತೆ ಬೇಲಿಯ ಕಿಂಡಿಗೆ ನೆಟ್ಟರಾಯಿತು.