ಪಡಸಾಲ್ಯಾಗ ಪಿಎಸ್‌ಐ ಪರೀಕ್ಷಾದ ತಯಾರಿ

ಗುಳೇದಗುಡ್ಡದಾಗ ನಮ್ಮ ಮುತ್ಯಾನ ವಾಡೆ ಹನ್ನೊಂದು ವರ್ಷ ಕೀಲಿ ಹಾಕೇ ಇತ್ತು. ಕಾಕಾ ಬಾಗಲಕೋಟಿ ನವನಗರಕ್ಕ ಹೋದ್ರು, ನಾವು ಬೆಳಗಾವಿಗೆ. ಮಂದಿ ಇದ್ದಾಗ ಮೂರು ತಲಿ ತಾಳಿದ ಮನಿ ಅಷ್ಟ್ರಾಗ ಹಿತ್ತಲ ಕಡೆ ಕುಸದ್ ಬಿತ್ತು. ಯಾಕಂದ್ರ ಮಣ್ಣಿನ ಮಾಳಗಿಗೆ ಮಳಿಗಾಲಕ್ಕ ಮೊದ್ಲು ವರ್ಷಾ ಮಣ್ಣು ಹಾಕಿ ಬಡೀಬೇಕು, ಒಲಿ ಹೊಗಿ ಆಡತಿದ್ರ ಜಂತಿಗೆ ಹುಳ ಹತ್ತೂದು ಕಡಿಮಿ, ಗ್ವಾಡಿಯಾಗ ಅರಳಿ ಸಸಿ ಎದ್ರ ಬೆರಳಷ್ಟಿದ್ದಾಗನ ಕೀಳಬೇಕು, ಇವೆಲ್ಲಾ ಯಾರ್ ಮಾಡ್ತಾರ ಕೀಲಿ ಮಾಡ್ತೈತೇನು?

ಎಲ್ಲಾರೂ ಕೂಡಿ ಕುಂತಾಗ ಒಬ್ಬ ಕೆಡವಿ ಕಾಂಪ್ಲೆಕ್ಸ್ ಕಟ್ಟೂನು ಅಂದ, ಇನ್ನೊಬ್ಬ ಹೋಂಸ್ಟೇ ಅಂದ, ನಾನು ದೊಡ್ಡ ಶಾಣ್ಯಾನಂಗ ಮ್ಯೂಸಿಯಂ ಅಂದೆ. "ನಿಮ್ಮ ಮುತ್ಯಾನ ತಂಬಗಿ ನೋಡಾಕ ಯಾರ್ ಬರ್ತಾರಪಾ" ಅಂದ್ರು ಕಾಕಾ. ಮಾತು ಖರೇನ ಇತ್ತು ಬಿಡ್ರಿ.

ಮುಂದಿನ ವಾರ ಐಹೊಳಿಗೆ ಹೋಗಿದ್ದೆ. ಲಾಡಖಾನ್ ಗುಡಿ ಅಂತ ಹೆಸರು ಬಂದದ್ದ ಆ ಹೆಸರಿನವರು ಒಬ್ರು ಅಲ್ಲಿ ವಾಸ ಇದ್ರು ಅಂತ. ಚಾಲುಕ್ಯರ ಗುಡಿ, ಒಳಗ ನಂದಿ, ಮಾಳಗಿ ಹಾಸಗಲ್ಲಿನ ಸಂದಿಗೆಲ್ಲಾ ಉದ್ದುದ್ದ ಕಲ್ಲಿನ ಪಟ್ಟಿ ಕೂಡಿಸ್ಯಾರ, ಥೇಟ್ ಕಟಗಿ ಮನಿ ಕಟ್ಟಿದಂಗ. ನಮ್ಮ ಕಡೆ ಹಿಂಗ ಹಳೇ ಕಟ್ಟಡಕ್ಕ ಬ್ಯಾರೆ ಕೆಲಸ ಹಚ್ಚೂದು ಹೊಸಾದಲ್ಲ. ವಿಜಯಪುರದ ಆಸಾರ್ ಮಹಲ್ 1646ರ ಸುಮಾರಿಗೆ ನ್ಯಾಯ ಹೇಳೂ ಜಾಗ ಅಂತ ಕಟ್ಟಿದ್ದು, ಆಮ್ಯಾಲೆ ಪ್ರವಾದಿಯವರ ಪವಿತ್ರ ಕೂದಲು ಇಡೂ ಜಾಗ ಆತು. ಗೋಲಗುಮ್ಮಟದ ಮುಂದಿನ ನಗಾರಖಾನೆಯಾಗ ಈಗ ಮ್ಯೂಸಿಯಂ ಐತಿ.

ಕಡೀಕ ನಮ್ಮ ವಾಡೆ ಏನಾತು ಅಂದ್ರ ರೀಡಿಂಗ್ ರೂಮ್. ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ನೌಕರಿ ಪರೀಕ್ಷಾಕ್ಕ ಓದೋ ಹುಡುಗ್ರು ಊರಾಗ ಭಾಳ ಅದಾರ, ಮನ್ಯಾಗ ಕುಂತ್ರ ಮಗ್ಗದ ಸಪ್ಪಳ, ಟಿವಿ ಸಪ್ಪಳ. ವಾಡೇದ ಗ್ವಾಡಿ ಎರಡು ಮೊಳ ದಪ್ಪ, ಏಪ್ರಿಲ್ ಬಿಸಿಲಾಗೂ ಪಡಸಾಲಿ ತಣ್ಣಗಿರ್ತೈತಿ.

ತಪ್ಪು ಮಾಡಿದ್ದು ನಾನ. ಚೊಕ್ಕ ಕಾಣಲಿ ಅಂತ ಒಳಗ ಸಿಮೆಂಟ್ ಪ್ಲಾಸ್ಟರ್ ಹೊಡಸಿದೆ, ಮಣ್ಣು ಉದರ್ತೈತಿ ಅಂತ ಬೆಳಕಿಂಡಿ ಮುಚ್ಚಿ ಪಿಒಪಿ ಹಾಕಸಿದೆ. ಒಂದು ಮಳಿಗಾಲ ಕಳದ್ರಾಗ ಗ್ವಾಡಿ ಕೆಳಗ ಹಸಿ ಏರಿ, ಪ್ಲಾಸ್ಟರ್ ಹಪ್ಪಳದಂಗ ಉಬ್ಬಿ, ಅದರ ಹಿಂದ ಬೆಳ್ಳಗ ಉಪ್ಪಿನ ಪುಡಿ, ಕೈ ಹಚ್ಚಿದ್ರ ಅಂಗೈತುಂಬ ಬರ್ತಿತ್ತು. ವಯಸ್ಸಾದ ಗೌಂಡಿ ಒಬ್ಬರು ನೋಡಿ "ಕಲ್ಲಿಗೆ ಉಸರಾಡಾಕ ಬಿಡ್ರಿ ಸಾಹೇಬ್ರ, ಒಳಗಿನ ನೀರು ಹೊರಗ ಹೋಗಬೇಕಲ್ಲ" ಅಂದ್ರು. ಎಲ್ಲಾ ಕೆತ್ತಿ ತಗದು ಸುಣ್ಣದ ಗಚ್ಚು ಹಾಕಿದ್ವಿ. ಎರಡು ಸಲ ರೊಕ್ಕ ಹೋತು, ಹೆಂಡ್ತಿ ಇನ್ನೂ ಆಡ್ಕೊಂತಾಳ. ಪಿಒಪಿ ಕಿತ್ತ ಮ್ಯಾಲೆ ಬೆಳಕಿಂಡಿಯಿಂದ ಬೆಳಕು ಕೋಲಿನಂಗ ಇಳದು ನೆಲಕ್ಕ ಬೀಳೂದು ನೋಡಿ ಲೈಟ್ ಬಿಲ್ಲೂ ಉಳೀತು ಅಂತ ಸಮಾಧಾನ ಮಾಡ್ಕೊಂಡೆ.

ದನಾ ಕಟ್ಟೂ ಜಾಗದಾಗ ಈಗ ಹುಡುಗ್ರ ಬ್ಯಾಗು, ಮೇವು ಹಾಕೂ ಗ್ವಾದಲಿಯೊಳಗ ಹಳೇ ಪ್ರಶ್ನೆಪತ್ರಿಕೆ, ನೆಲದಾಗ ಕಾಳು ತುಂಬಿಡೂ ಹಗೇವಿನ ಬಾಯಿಗೆ ಹಾಸಗಲ್ಲು ಮುಚ್ಚೇವಿ, ಯಾರರ ಬಿದ್ದಗಿದ್ದಾರು ಅಂತ. ತಿಂಗಳಿಗೆ 400 ರೂಪಾಯಿ ಫೀ, ಶ್ರೀಮಂತ ಆಗೂದಿಲ್ಲ, ಆದ್ರ ಈ ಸಲದ ಮಾಳಗಿ ಮಣ್ಣಿನ ಖರ್ಚು ಅದ್ರಾಗ ಹೊಂಟತು.

ಮೊನ್ನೆ ಕಾಕಾ ಬಂದಿದ್ರು. ಊಟ ಆದಮ್ಯಾಲೆ ಹಳೇ ರೂಢಿಯಂಗ ಪಡಸಾಲಿ ಕಂಬಕ್ಕ ತಲಿ ಕೊಟ್ಟು ಅಡ್ಡಾದ್ರಂತ, ಒಬ್ಬ ಹುಡುಗ ಎದ್ದು ಬಂದು "ಅಜ್ಜಾರ, ಗೊರಕಿ ಸ್ವಲ್ಪ ಕಡಿಮಿ ಮಾಡ್ರಿ, ಸಂಡೇ ಎಕ್ಸಾಮ್ ಐತಿ" ಅಂದನಂತ.